ತೆರಿಗೆ ಕಾನೂನಿನಲ್ಲಿ ಎಲ್‌ಎಲ್.ಎಂ.: ಏನನ್ನು ಓದಬೇಕು, ಹೇಗೆ ಓದಬೇಕು

ಪ್ರಶ್ನೆ: ನಾನು ಐದು ವರ್ಷದ ಬಿ.ಎ. ಎಲ್‌ಎಲ್.ಬಿ. ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ತೆರಿಗೆ ಕಾನೂನಿನಲ್ಲಿ ಎಲ್‌ಎಲ್.ಎಂ. ಮಾಡಬೇಕೆಂಬ ಆಸೆಯಿದೆ. ಆದರೆ ಪಿಯುಸಿಯಿಂದಲೂ ಕಲಾ ವಿಭಾಗದಲ್ಲೇ ಓದಿದ್ದರಿಂದ ಲೆಕ್ಕಶಾಸ್ತ್ರದ ಪರಿಚಯ ಸ್ವಲ್ಪವೂ ಇಲ್ಲ. ತೆರಿಗೆಯ ಕೆಲಸವೆಲ್ಲ ಚಾರ್ಟರ್ಡ್ ಅಕೌಂಟೆಂಟ್‌ಗಳ ಪಾಲಾಗಿದೆ, ವಕೀಲರಿಗೆ ಅಲ್ಲಿ ಜಾಗವಿಲ್ಲ ಎಂದು ಹಲವರು ಹೇಳುತ್ತಾರೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿರುವಾಗ ಹಳೆಯ ತೀರ್ಪುಗಳನ್ನು ಓದಿ ಪ್ರಯೋಜನವಿದೆಯೇ? ದೇಶದಲ್ಲೇ ಓದುವುದು ಒಳ್ಳೆಯದೋ, ವಿದೇಶಕ್ಕೆ ಹೋಗುವುದೋ? ಪ್ರಬಂಧಕ್ಕೆ ವಿಷಯವನ್ನು ಹೇಗೆ ಆರಿಸಿಕೊಳ್ಳಬೇಕು? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಲೆಕ್ಕಶಾಸ್ತ್ರದ ಅಳುಕೇ ಮುಂದೆ ನಿಂತಿದೆ. ಪದವಿ ತರಗತಿಯಲ್ಲಿ ಈ ವಿಷಯವನ್ನು ಕಲಿಸುವ ರೀತಿಯೇ ಆ ಅಳುಕಿಗೆ ಕಾರಣವೆಂದು ನನಗನ್ನಿಸುತ್ತದೆ. ಸಂಬಳ, ಮನೆ ಆಸ್ತಿ, ವ್ಯಾಪಾರ ಮತ್ತು ವೃತ್ತಿ, ಬಂಡವಾಳ ಲಾಭ, ಇತರ ಮೂಲಗಳು ಎಂಬ ಐದು ಶೀರ್ಷಿಕೆಗಳನ್ನು ವಿವರಿಸಿ, ಪ್ರತಿಯೊಂದರಲ್ಲಿ ಸಿಗುವ ಕಡಿತಗಳನ್ನು ಬರೆಸಿ, ಒಂದೆರಡು ಲೆಕ್ಕ ಬಿಡಿಸಿ ತೋರಿಸಿದರೆ ಅಲ್ಲಿ ಪಠ್ಯ ಮುಗಿಯುತ್ತದೆ. ಹಾಗೆ ಕಲಿತವರಿಗೆ ತೆರಿಗೆ ಕಾನೂನು ಎಂದರೆ ದರಗಳ, ಮಿತಿಗಳ ಮತ್ತು ನಮೂನೆಗಳ ಒಂದು ದೊಡ್ಡ ಪಟ್ಟಿಯಾಗಿ ಕಾಣುವುದು ಸಹಜ. ಆದರೆ ಆ ದರಗಳೂ ಮಿತಿಗಳೂ ವರ್ಷಕ್ಕೊಮ್ಮೆ ಹಣಕಾಸು ಕಾಯ್ದೆಯ ಜೊತೆ ಬದಲಾಗುತ್ತವೆ, ಮತ್ತು ಸ್ನಾತಕೋತ್ತರ ಹಂತದಲ್ಲಿ ಅವುಗಳ ಬಗ್ಗೆ ಯಾರೂ ನಿಮ್ಮನ್ನು ಕೇಳುವುದಿಲ್ಲ. ಅಲ್ಲಿ ಕೇಳುವ ಪ್ರಶ್ನೆಗಳು ಬೇರೆ: ಈ ತೆರಿಗೆಯನ್ನು ಹಾಕುವ ಅಧಿಕಾರ ಯಾರಿಗಿದೆ, ಅದು ನಿಖರವಾಗಿ ಯಾವುದರ ಮೇಲೆ ಬೀಳುತ್ತದೆ, ಬಿದ್ದದ್ದನ್ನು ಅಳೆಯುವುದು ಹೇಗೆ, ಕಾಯ್ದೆಯ ಮಾತಿಗೂ ವ್ಯವಹಾರದ ನಿಜರೂಪಕ್ಕೂ ಅಂತರ ಬಿದ್ದಾಗ ನ್ಯಾಯಾಲಯ ಯಾವುದನ್ನು ಹಿಡಿಯಬೇಕು. ಈ ನಾಲ್ಕೂ ಕಾನೂನಿನ ಪ್ರಶ್ನೆಗಳೇ. ಕಲಾ ವಿಭಾಗದಿಂದ ಬಂದು ಸಂವಿಧಾನವನ್ನೂ ಶಾಸನಗಳ ಅರ್ಥವಿವರಣೆಯನ್ನೂ ಶ್ರದ್ಧೆಯಿಂದ ಓದಿದವರು ಇಲ್ಲಿ ಹಿಂದೆ ಬೀಳಲು ಕಾರಣವಿಲ್ಲ.

ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಗೋವಿಂದ್ ಸರನ್ ಗಂಗಾ ಸರನ್ ಪ್ರಕರಣದಲ್ಲಿ ಹೇಳಿದ ಮಾತನ್ನು ನೀವು ಮೊದಲ ವಾರದಲ್ಲೇ ಓದಿಕೊಳ್ಳಬೇಕು. ತೆರಿಗೆಗೆ ಕಾರಣವಾಗುವ ಘಟನೆ, ತೆರಿಗೆ ಕಟ್ಟಬೇಕಾದ ವ್ಯಕ್ತಿ, ತೆರಿಗೆಯ ದರ, ಆ ದರವನ್ನು ಅನ್ವಯಿಸುವ ಮೌಲ್ಯ ಎಂಬ ನಾಲ್ಕು ಅಂಗಗಳು ಪ್ರತಿ ತೆರಿಗೆಗೂ ಇರಬೇಕು, ಅವುಗಳಲ್ಲಿ ಯಾವುದೊಂದು ಅಸ್ಪಷ್ಟವಾಗಿದ್ದರೂ ಆ ತೆರಿಗೆ ಕಾನೂನಿನಲ್ಲಿ ನಿಲ್ಲುವುದಿಲ್ಲ ಎಂಬುದು ಅದರ ಸಾರ. ಮುಂದೆ ನೀವು ಯಾವ ತೆರಿಗೆಯನ್ನು ಅಧ್ಯಯನ ಮಾಡಿದರೂ, ಅದು ಆದಾಯ ತೆರಿಗೆಯಿರಲಿ, ಜಿಎಸ್‌ಟಿಯಿರಲಿ, ಸೀಮಾಸುಂಕವಿರಲಿ, ಈ ನಾಲ್ಕು ಅಂಗಗಳನ್ನು ಬಿಡಿಸಿ ಬರೆದುಕೊಳ್ಳುವ ಅಭ್ಯಾಸವಿದ್ದರೆ ವಿವಾದದ ಮೂಲ ಎಲ್ಲಿದೆ ಎಂಬುದು ಬೇಗ ತಿಳಿಯುತ್ತದೆ.

ಒಂದು ತೀರ್ಪನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಈ ಹಂತದ ಓದು ಎಂಥದ್ದು ಎಂಬುದನ್ನು ಅದು ಬೇರೆಲ್ಲ ವಿವರಣೆಗಳಿಗಿಂತ ಚೆನ್ನಾಗಿ ತೋರಿಸುತ್ತದೆ. ಅದು ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ 1981ರಲ್ಲಿ ತೀರ್ಮಾನವಾದ ಬಿ.ಸಿ. ಶ್ರೀನಿವಾಸ ಶೆಟ್ಟಿ ಪ್ರಕರಣ. ಊದಿನಕಡ್ಡಿ ತಯಾರಿಸಿ ಮಾರುತ್ತಿದ್ದ ಒಂದು ಪಾಲುದಾರಿಕೆ ಸಂಸ್ಥೆ 1965ರ ಕೊನೆಯಲ್ಲಿ ವಿಸರ್ಜನೆಯಾಗಿ, ಅದರ ಆಸ್ತಿಯೆಲ್ಲವೂ ಗುಡ್‌ವಿಲ್ (ವ್ಯಾಪಾರ ಗಳಿಸಿಕೊಂಡ ಹೆಸರು ಮತ್ತು ಗ್ರಾಹಕರ ನಂಬಿಕೆಯ ಬೆಲೆ) ಸಮೇತ ಹೊಸ ಸಂಸ್ಥೆಯೊಂದಕ್ಕೆ ಹೋಯಿತು. ಗುಡ್‌ವಿಲ್‌ಗೆ ಒಂದೂವರೆ ಲಕ್ಷ ರೂಪಾಯಿ ಬೆಲೆ ಕಟ್ಟಲಾಗಿತ್ತು. ಗುಡ್‌ವಿಲ್ ಬಂಡವಾಳ ಆಸ್ತಿ, ಅದು ಕೈ ಬದಲಾಗಿದೆ, ಹಣವೂ ಬಂದಿದೆ, ಆದ್ದರಿಂದ ಬಂಡವಾಳ ಲಾಭದ ತೆರಿಗೆ ಕಟ್ಟಬೇಕು ಎಂಬುದು ಇಲಾಖೆಯ ವಾದ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ತೆರಿಗೆ ವಿಧಿಸುವ 45ನೇ ಸೆಕ್ಷನ್ನನ್ನು ಮಾತ್ರ ಓದಿದರೆ ಈ ವಾದದಲ್ಲಿ ದೋಷ ಕಾಣುವುದಿಲ್ಲ. ಆದರೆ ಲಾಭವನ್ನು ಲೆಕ್ಕ ಹಾಕುವ 48ನೇ ಸೆಕ್ಷನ್ ಆಸ್ತಿಯನ್ನು ಗಳಿಸಿಕೊಳ್ಳಲು ತಗುಲಿದ ವೆಚ್ಚವನ್ನು ಕಳೆಯಬೇಕೆಂದು ಹೇಳುತ್ತದೆ. ವರ್ಷಗಟ್ಟಲೆ ವ್ಯಾಪಾರ ಮಾಡುತ್ತ ತಾನಾಗಿ ಬೆಳೆದ ಗುಡ್‌ವಿಲ್‌ಗೆ ಅಂಥ ವೆಚ್ಚ ಎಷ್ಟು? ಅದನ್ನು ಗಳಿಸಿದ ದಿನಾಂಕ ಯಾವುದು? ಎರಡನ್ನೂ ಹೇಳಲು ಸಾಧ್ಯವಿಲ್ಲ. ತೆರಿಗೆ ವಿಧಿಸುವ ಸೆಕ್ಷನ್ ಮತ್ತು ಲೆಕ್ಕ ಹಾಕುವ ಸೆಕ್ಷನ್‌ಗಳು ಸೇರಿ ಒಂದೇ ಸಂಹಿತೆಯಾಗುತ್ತವೆ, ಲೆಕ್ಕ ಹಾಕುವ ನಿಯಮ ಅನ್ವಯವೇ ಆಗದ ಪ್ರಸಂಗವನ್ನು ತೆರಿಗೆಯ ವ್ಯಾಪ್ತಿಗೆ ತರುವ ಉದ್ದೇಶ ಶಾಸಕಾಂಗಕ್ಕೆ ಇರಲಿಲ್ಲವೆಂದೇ ತಿಳಿಯಬೇಕು ಎಂದು ನ್ಯಾಯಾಲಯ ತೀರ್ಮಾನಿಸಿತು. ಸಂಸತ್ತು ಸುಮ್ಮನಿರಲಿಲ್ಲ. 1987ರ ಹಣಕಾಸು ಕಾಯ್ದೆಯ ಮೂಲಕ, ಹಣ ಕೊಟ್ಟು ಕೊಂಡುಕೊಳ್ಳದ ಗುಡ್‌ವಿಲ್‌ನ ವೆಚ್ಚ ಶೂನ್ಯವೆಂದು ಭಾವಿಸಬೇಕು ಎಂಬ ನಿಯಮವನ್ನು ತಂದಿತು. ಮುಂದಿನ ವರ್ಷಗಳಲ್ಲಿ ಬಾಡಿಗೆ ಹಕ್ಕು, ಟ್ರೇಡ್‌ಮಾರ್ಕ್, ವ್ಯಾಪಾರ ನಡೆಸುವ ಹಕ್ಕು ಮುಂತಾದವು ಒಂದೊಂದಾಗಿ ಆ ಪಟ್ಟಿಗೆ ಸೇರಿದವು. ಹಾಗಾದರೆ ಆ ಪಟ್ಟಿಯಲ್ಲಿಲ್ಲದ, ತಾನಾಗಿ ಬೆಳೆದ ಆಸ್ತಿಯ ಗತಿಯೇನು? 1981ರ ತತ್ತ್ವ ಅದಕ್ಕೆ ಇಂದಿಗೂ ಅನ್ವಯಿಸುತ್ತದೆಯೇ? ಎಲ್‌ಎಲ್.ಎಂ. ತರಗತಿಯ ನಿಜವಾದ ಚರ್ಚೆ ಈ ಪ್ರಶ್ನೆಯಿಂದ ಶುರುವಾಗುತ್ತದೆ.

ಈ ತೀರ್ಪನ್ನು ಅರ್ಥ ಮಾಡಿಕೊಳ್ಳಲು ಕೂಡುವುದು ಕಳೆಯುವುದಕ್ಕಿಂತ ಹೆಚ್ಚಿನ ಗಣಿತ ಬೇಕಾಗಿಲ್ಲ ಎಂಬುದನ್ನು ಗಮನಿಸಿ. ಹಾಗೆಂದು ಲೆಕ್ಕಶಾಸ್ತ್ರವೇ ಬೇಡವೆಂದು ನಾನು ಹೇಳಲಾರೆ. ಹಾಗೆ ಹೇಳಿದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. ವ್ಯಾಪಾರದ ಆದಾಯವನ್ನು ಕಾಯ್ದೆ ಅಳೆಯುವುದು ಲೆಕ್ಕಪುಸ್ತಕಗಳಿಂದಲೇ ಹೊರಟು. ಆದ್ದರಿಂದ ಲಾಭ ನಷ್ಟದ ತಖ್ತೆ ಮತ್ತು ಆಸ್ತಿ ಹೊಣೆಗಳ ತಖ್ತೆಯನ್ನು ಓದಲು, ಬಂಡವಾಳ ವೆಚ್ಚಕ್ಕೂ ಕಂದಾಯ ವೆಚ್ಚಕ್ಕೂ ಇರುವ ಭೇದವನ್ನು ಗುರುತಿಸಲು, ನಗದು ಪದ್ಧತಿಗೂ ಬಾಕಿಯನ್ನೂ ಲೆಕ್ಕಕ್ಕೆ ಹಿಡಿಯುವ ಪದ್ಧತಿಗೂ ಏನು ವ್ಯತ್ಯಾಸವೆಂದು ವಿವರಿಸಲು, ಸವಕಳಿ ಎಂದರೇನು ಮತ್ತು ಕಂಪನಿಯ ಪುಸ್ತಕದ ಸವಕಳಿಗೂ ತೆರಿಗೆಯ ಸವಕಳಿಗೂ ಏಕೆ ಅಂತರವಿರುತ್ತದೆ ಎಂದು ಹೇಳಲು ನಿಮಗೆ ಬರಬೇಕು. ಬಿ.ಕಾಂ. ಮೊದಲ ವರ್ಷದ ಪಠ್ಯಪುಸ್ತಕ ಒಂದನ್ನು ಪಕ್ಕದಲ್ಲಿಟ್ಟುಕೊಂಡು, ಷೇರುಪೇಟೆಯಲ್ಲಿ ನೋಂದಾಯಿತವಾದ ಯಾವುದಾದರೂ ಕಂಪನಿಯ ವಾರ್ಷಿಕ ವರದಿಯನ್ನು ಟಿಪ್ಪಣಿಗಳ ಸಮೇತ ಆದಿಯಿಂದ ಅಂತ್ಯದವರೆಗೆ ಓದಿ. ಈ ವರದಿಗಳು ಕಂಪನಿಗಳ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಅದರಲ್ಲಿ ಬಾಕಿ ಇರುವ ತೆರಿಗೆ ವಿವಾದಗಳ ಟಿಪ್ಪಣಿಯೊಂದು ಇರುತ್ತದೆ. ಯಾವ ಕಾಯ್ದೆಯ ಕೆಳಗೆ, ಯಾವ ವರ್ಷಕ್ಕೆ, ಎಷ್ಟು ಮೊತ್ತ, ಯಾವ ನ್ಯಾಯಾಲಯದಲ್ಲಿ ಎಂಬ ವಿವರವೂ ಹೆಚ್ಚಾಗಿ ಅಲ್ಲೇ ಸಿಗುತ್ತದೆ. ಪಠ್ಯಪುಸ್ತಕದಲ್ಲಿ ಓದಿದ ವಿವಾದಗಳು ನಿಜ ಜಗತ್ತಿನಲ್ಲಿ ಹೇಗಿರುತ್ತವೆ ಎಂದು ಕಾಣಲು ಅದಕ್ಕಿಂತ ಒಳ್ಳೆಯ ಕಡೆ ಇಲ್ಲ.

ಇನ್ನು ಸಂವಿಧಾನದ ಭಾಗ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎನ್ನುವ 265ನೇ ವಿಧಿ, ಕೇಂದ್ರಕ್ಕೂ ರಾಜ್ಯಗಳಿಗೂ ತೆರಿಗೆಗಳನ್ನು ಹಂಚಿಕೊಡುವ ಏಳನೇ ಅನುಸೂಚಿ, 2016ರ 101ನೇ ತಿದ್ದುಪಡಿಯಿಂದ ಬಂದ, ಜಿಎಸ್‌ಟಿ ಹಾಕುವ ಅಧಿಕಾರ ಕೊಡುವ 246ಎ ಮತ್ತು ಜಿಎಸ್‌ಟಿ ಮಂಡಳಿಯನ್ನು ಸ್ಥಾಪಿಸುವ 279ಎ ವಿಧಿಗಳು ನಿಮಗೆ ಪರಿಚಿತವೇ ಇರುತ್ತವೆ. ಆದರೆ ಇವನ್ನು ಬಿಡಿಬಿಡಿಯಾಗಿ ಓದದೆ ಒಂದು ವಿವಾದದ ಚರಿತ್ರೆಯ ಮೂಲಕ ಓದಿದರೆ ಮಾತ್ರ ಒಳಗಿನ ತರ್ಕ ತೆರೆದುಕೊಳ್ಳುತ್ತದೆ. ಗುತ್ತಿಗೆದಾರನೊಬ್ಬ ಸಿಮೆಂಟು, ಕಬ್ಬಿಣ ಎಲ್ಲವನ್ನೂ ತಾನೇ ತಂದು ಕಟ್ಟಡ ಕಟ್ಟಿಕೊಟ್ಟರೆ ಅವನು ಆ ಸಾಮಗ್ರಿಯನ್ನು ಮಾರಿದಂತೆಯೇ? 1958ರ ಗ್ಯಾನನ್ ಡಂಕರ್ಲಿ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇಲ್ಲವೆಂದಿತು. ಕಟ್ಟಡದ ಗುತ್ತಿಗೆ ಅವಿಭಾಜ್ಯ, ಅದರಲ್ಲಿ ಸರಕಿನ ಮಾರಾಟವಿಲ್ಲ, ಆದ್ದರಿಂದ ರಾಜ್ಯ ಅದರ ಮೇಲೆ ಮಾರಾಟ ತೆರಿಗೆ ಹಾಕುವಂತಿಲ್ಲ. ಈ ತೀರ್ಪನ್ನು ದಾಟಲು 1982ರಲ್ಲಿ ಸಂವಿಧಾನಕ್ಕೇ 46ನೇ ತಿದ್ದುಪಡಿ ತಂದು, ಇಂಥ ವ್ಯವಹಾರಗಳಲ್ಲಿ ಮಾರಾಟ ನಡೆದಿದೆಯೆಂದು ಭಾವಿಸಲು ಅವಕಾಶ ಮಾಡಿಕೊಡಲಾಯಿತು. ಕಟ್ಟುವ ಮೊದಲೇ ಒಪ್ಪಂದ ಮಾಡಿಕೊಂಡು ಮಾರಿದ ಫ್ಲ್ಯಾಟುಗಳಿಗೂ ಇದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಕರ್ನಾಟಕ ರಾಜ್ಯದ ವಿರುದ್ಧದ ಕೆ. ರಹೇಜಾ (2005) ಮತ್ತು ಲಾರ್ಸನ್ ಅಂಡ್ ಟೂಬ್ರೊ (2013) ಪ್ರಕರಣಗಳಲ್ಲಿ ಎದ್ದು, ಹೌದೆಂಬ ಉತ್ತರ ಪಡೆಯಿತು. 2006ರ ಬಿಎಸ್‌ಎನ್‌ಎಲ್ ತೀರ್ಪು ಸಿಮ್ ಕಾರ್ಡಿನ ವಿಚಾರದಲ್ಲಿ ಸರಕು ಎಲ್ಲಿ ಮುಗಿದು ಸೇವೆ ಎಲ್ಲಿ ಶುರುವಾಗುತ್ತದೆ ಎಂದು ಕೇಳಿತು. 2017ರ ಜುಲೈ 1ರಿಂದ ಜಾರಿಗೆ ಬಂದ ಜಿಎಸ್‌ಟಿ, ಕಟ್ಟಡದಂಥ ಸ್ಥಿರಾಸ್ತಿಯ ಕಾಮಗಾರಿ ಗುತ್ತಿಗೆಯನ್ನು ಸೇವೆಯೆಂದು ಕರೆದು ಆ ಭಾಗದ ಜಗಳವನ್ನು ಮುಗಿಸಿತು. ಸುಮಾರು ಆರು ದಶಕಗಳ ಈ ಎಳೆಯನ್ನು ಹಿಡಿದು ಓದಿದವರಿಗೆ ಜಿಎಸ್‌ಟಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಒಂದೊಂದು ಸಾಲೂ ಯಾವ ಹಳೆಯ ವಿವಾದಕ್ಕೆ ಉತ್ತರವೆಂದು ಗೊತ್ತಾಗುತ್ತದೆ. ಜಿಎಸ್‌ಟಿ ಮಂಡಳಿಯ ಶಿಫಾರಸುಗಳು ಸಂಸತ್ತನ್ನೂ ವಿಧಾನಸಭೆಗಳನ್ನೂ ಕಟ್ಟಿಹಾಕುವುದಿಲ್ಲ ಎಂದ 2022ರ ಮೋಹಿತ್ ಮಿನರಲ್ಸ್ ತೀರ್ಪನ್ನೂ, ಖನಿಜದ ಮೇಲಿನ ರಾಯಲ್ಟಿ ತೆರಿಗೆಯಲ್ಲ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಜುಲೈನಲ್ಲಿ ಬಹುಮತದಿಂದ ನೀಡಿದ ತೀರ್ಪನ್ನೂ ಇದರ ಜೊತೆ ಓದಿ. ಎರಡನೆಯದರಲ್ಲಿ ಭಿನ್ನಮತದ ತೀರ್ಪನ್ನು ಬಿಡಬೇಡಿ.

ತೆರಿಗೆ ತಪ್ಪಿಸಿಕೊಳ್ಳುವಿಕೆಯ ವಿಚಾರ ಎಲ್ಲ ಎಲ್‌ಎಲ್.ಎಂ. ಪಠ್ಯಗಳಲ್ಲೂ ಇರುತ್ತದೆ, ಮತ್ತು ಇದನ್ನೇ ಅತ್ಯಂತ ಅವಸರದಲ್ಲಿ ಓದುತ್ತಾರೆ. ಮಾಲಿಗೆ ಸಂಬಳದ ಬದಲು ಇಂತಿಷ್ಟು ಹಣ ಕೊಡುತ್ತೇನೆಂಬ ಒಡಂಬಡಿಕೆಯ ಪತ್ರ ಬರೆದುಕೊಟ್ಟು ತೆರಿಗೆ ಉಳಿಸಿದ ಡ್ಯೂಕ್ ಆಫ್ ವೆಸ್ಟ್‌ಮಿನ್‌ಸ್ಟರ್‌ನ ಪ್ರಕರಣದಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಪತ್ರದ ರೂಪವನ್ನೇ ಮಾನ್ಯ ಮಾಡಿತು. 1985ರ ಮ್ಯಾಕ್‌ಡವೆಲ್ ಪ್ರಕರಣದಲ್ಲಿ ನಮ್ಮ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಆ ಧೋರಣೆಗೆ ವಿದಾಯ ಹೇಳಬೇಕೆಂದು ಬಹಳ ಖಾರವಾಗಿ ಬರೆದರು. 2003ರ ಆಜಾದಿ ಬಚಾವೋ ಆಂದೋಲನ ತೀರ್ಪು ಒಂದೇ ಆದಾಯಕ್ಕೆ ಎರಡು ದೇಶಗಳಲ್ಲಿ ತೆರಿಗೆ ಬೀಳದಂತೆ ಮಾರಿಷಸ್ ಜೊತೆ ಮಾಡಿಕೊಂಡ ಒಪ್ಪಂದದ ಸಂದರ್ಭದಲ್ಲಿ ಆ ಖಾರವನ್ನು ತಗ್ಗಿಸಿ, ಕಾನೂನುಬದ್ಧ ಯೋಜನೆಗೆ ಮತ್ತೆ ಜಾಗ ಕೊಟ್ಟಿತು. 2012ರ ಜನವರಿ 20ರಂದು ವೊಡಾಫೋನ್ ತೀರ್ಪು ಬಂತು. ಭಾರತದಲ್ಲಿ ದೂರವಾಣಿ ವ್ಯವಹಾರವಿದ್ದ ಕಂಪನಿಯ ಹಿಡಿತ, ಕೇಮನ್ ದ್ವೀಪದ ಕಂಪನಿಯೊಂದರ ಷೇರು ಮಾರಾಟದ ಮೂಲಕ ಕೈ ಬದಲಾದಾಗ ಭಾರತ ಅದಕ್ಕೆ ತೆರಿಗೆ ಹಾಕಬಹುದೇ ಎಂಬುದು ಪ್ರಶ್ನೆ; ಅಂದಿನ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ನ್ಯಾಯಾಲಯ ಹೇಳಿತು. ಅದೇ ವರ್ಷದ ಹಣಕಾಸು ಕಾಯ್ದೆ 1962ರಿಂದಲೇ ಅನ್ವಯಿಸುವಂತೆ ವಿವರಣೆ ಸೇರಿಸಿತು, ಅದರ ವಿರುದ್ಧ ಅಂತಾರಾಷ್ಟ್ರೀಯ ಪಂಚಾಯ್ತಿಗಳು (ಆರ್ಬಿಟ್ರೇಶನ್) ನಡೆದವು, 2020ರಲ್ಲಿ ವೊಡಾಫೋನ್ ಮತ್ತು ಇದೇ ತಿದ್ದುಪಡಿಯ ಬೇಡಿಕೆಗೆ ಸಿಕ್ಕಿದ್ದ ಕೇರ್ನ್ ಕಂಪನಿ, ಎರಡರ ಪ್ರಕರಣಗಳಲ್ಲೂ ಭಾರತದ ವಿರುದ್ಧ ತೀರ್ಮಾನ ಬಂತು, 2021ರಲ್ಲಿ ಸಂಸತ್ತು ತಿದ್ದುಪಡಿ ತಂದು 2012ರ ಮೇ 28ಕ್ಕಿಂತ ಹಿಂದಿನ ಪರೋಕ್ಷ ವರ್ಗಾವಣೆಗಳ ಮೇಲಿನ ಬೇಡಿಕೆಗಳನ್ನು ಹಿಂತೆಗೆದುಕೊಂಡಿತು. ಈ ನಡುವೆ, ತೆರಿಗೆ ತಪ್ಪಿಸಿಕೊಳ್ಳುವುದನ್ನು ತಡೆಯುವ ಗಾರ್ ಎಂಬ ಸಾಮಾನ್ಯ ನಿಯಮಗಳು 2017ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದವು. ಈ ಸರಣಿಯನ್ನು ಸರ್ಕಾರ ಸರಿಯೋ ಕಂಪನಿ ಸರಿಯೋ ಎಂಬ ಜಗಳವಾಗಿ ನೋಡಿದರೆ ಕಲಿಯುವುದು ಕಡಿಮೆ. ರೂಪವನ್ನು ಬಿಟ್ಟು ತಿರುಳನ್ನು ನೋಡುವ ಅಧಿಕಾರವನ್ನು ನ್ಯಾಯಾಧೀಶರು ತೀರ್ಪಿನ ಮೂಲಕ ಪಡೆದುಕೊಳ್ಳಬೇಕೋ, ಶಾಸಕಾಂಗ ಮುಂಚಿತವಾಗಿ ಮಾತಿನಲ್ಲಿ ಬರೆದುಕೊಡಬೇಕೋ ಎಂಬ ಪ್ರಶ್ನೆಯಾಗಿ ನೋಡಿ. ಬರೆದುಕೊಡಬೇಕೆಂಬ ಪಕ್ಷಕ್ಕೆ ನಾನು ಸೇರಿದವನು, ಏಕೆಂದರೆ ವ್ಯವಹಾರ ಮುಗಿದು ವರ್ಷಗಳಾದ ಮೇಲೆ ಅದರ ತೆರಿಗೆಯ ಫಲ ಬದಲಾಗುವುದು 265ನೇ ವಿಧಿಯ ಅಕ್ಷರಕ್ಕೆ ವಿರುದ್ಧವಲ್ಲದಿದ್ದರೂ ಅದರ ಆಶಯಕ್ಕೆ ವಿರುದ್ಧವೆಂದು ನಂಬುತ್ತೇನೆ. ನೀವು ಓದಿ ಬೇರೆಯದೇ ನಿಲುವಿಗೆ ಬಂದರೂ ಅದನ್ನು ಸಮರ್ಥಿಸಲು ಈ ತೀರ್ಪುಗಳ ಮೂಲಪಾಠವೇ ಬೇಕು; ಸಾರಾಂಶ ಸಾಲದು.

ಅರ್ಥವಿವರಣೆಯ ನಿಯಮಗಳಲ್ಲಿ 2018ರ ದಿಲೀಪ್ ಕುಮಾರ್ ತೀರ್ಪನ್ನು ತಪ್ಪದೆ ಓದಿ. ತೆರಿಗೆ ವಿಧಿಸುವ ನಿಯಮ ಸಂದಿಗ್ಧವಾಗಿದ್ದರೆ ಲಾಭ ತೆರಿಗೆದಾರನಿಗೆ, ವಿನಾಯಿತಿ ಕೊಡುವ ಅಧಿಸೂಚನೆ ಸಂದಿಗ್ಧವಾಗಿದ್ದರೆ ಲಾಭ ಸರ್ಕಾರಕ್ಕೆ ಎಂದು ಐವರು ನ್ಯಾಯಮೂರ್ತಿಗಳ ಪೀಠ ಅದರಲ್ಲಿ ಹೇಳಿದೆ.

ಹೊಸ ಕಾಯ್ದೆಯ ಬಗ್ಗೆ ನೀವು ಕೇಳಿದ ಪ್ರಶ್ನೆ ಈಗ ಅನೇಕರ ಮನಸ್ಸಿನಲ್ಲಿದೆ. 2025ರ ಆದಾಯ ತೆರಿಗೆ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಯವರ ಅಂಕಿತ ದೊರೆಯಿತು. ಅದು ಅನ್ವಯಿಸುವುದು 2026ರ ಏಪ್ರಿಲ್ 1ರಿಂದ. ಅದರಲ್ಲಿ 536 ಸೆಕ್ಷನ್‌ಗಳು, 23 ಅಧ್ಯಾಯಗಳು, 16 ಅನುಸೂಚಿಗಳಿವೆ. ಆದಾಯ ಗಳಿಸಿದ 'ಹಿಂದಿನ ವರ್ಷ' ಮತ್ತು ಅದರ ತೆರಿಗೆ ಗೊತ್ತುಪಡಿಸುವ 'ಕರನಿರ್ಧಾರಣಾ ವರ್ಷ' ಎಂಬ ಜೋಡಿ ಹೋಗಿ ತೆರಿಗೆ ವರ್ಷ ಎಂಬ ಒಂದೇ ಕಲ್ಪನೆ ಬಂದಿದೆ. ಹಳೆಯ 10ನೇ ಸೆಕ್ಷನ್‌ನಲ್ಲಿ ತುಂಬಿಕೊಂಡಿದ್ದ ವಿನಾಯಿತಿಗಳು ಬಹುಮಟ್ಟಿಗೆ ಅನುಸೂಚಿಗಳಿಗೆ ಹೋಗಿವೆ, ಹಲವು ಸೆಕ್ಷನ್‌ಗಳಲ್ಲಿ ಚದುರಿದ್ದ ಮೂಲದಲ್ಲಿ ತೆರಿಗೆ ಕಡಿತದ (ಟಿಡಿಎಸ್) ನಿಯಮಗಳನ್ನು ಒಟ್ಟುಗೂಡಿಸಿ ಕೋಷ್ಟಕಗಳ ರೂಪದಲ್ಲಿ ಕೊಡಲಾಗಿದೆ. ಭಾಷೆಯೂ ಜೋಡಣೆಯೂ ಬದಲಾಗಿವೆ, ಆದರೆ ತೆರಿಗೆ ನೀತಿ ಬಹುಮಟ್ಟಿಗೆ ಹಾಗೇ ಉಳಿದಿದೆ. ಆದ್ದರಿಂದ ಆದಾಯ ಎಂದರೇನು, ವ್ಯಾಪಾರದ ವೆಚ್ಚ ಯಾವುದು, ನಿವಾಸಿ ಯಾರು ಎಂಬ ಬಗ್ಗೆ ಹಳೆಯ ಕಾಯ್ದೆಯ ಕೆಳಗೆ ಬಂದ ತೀರ್ಪುಗಳು ಅದೇ ಮಾತುಗಳು ಉಳಿದಿರುವ ಕಡೆಯಲ್ಲೆಲ್ಲ ಮಾರ್ಗದರ್ಶಕವಾಗಿಯೇ ಇರುತ್ತವೆ. ಮಾತು ಬದಲಾದ ಕಡೆಯಲ್ಲಿ, ಬದಲಾವಣೆ ಕೇವಲ ಸರಳೀಕರಣಕ್ಕಾಗಿಯೋ ಅರ್ಥವನ್ನೇ ಬದಲಾಯಿಸಲೋ ಎಂಬ ಹೊಸ ವಿವಾದ ಹುಟ್ಟುತ್ತದೆ. 1922ರ ಕಾಯ್ದೆಯ ಜಾಗಕ್ಕೆ 1961ರದು ಬಂದಾಗಲೂ ನ್ಯಾಯಾಲಯಗಳು ಇದೇ ಬಗೆಯ ಪ್ರಶ್ನೆಗಳಿಗೆ ಉತ್ತರಿಸಬೇಕಾಯಿತು. ಜೊತೆಗೆ, ಹಿಂದಿನ ವರ್ಷಗಳ ಕರನಿರ್ಧಾರಣೆ ಮತ್ತು ಮೇಲ್ಮನವಿಗಳು 1961ರ ಕಾಯ್ದೆಯ ಪ್ರಕಾರವೇ ಮುಂದುವರಿಯುವುದರಿಂದ ಎರಡೂ ಕಾಯ್ದೆಗಳನ್ನು ಬಲ್ಲವರು ಇನ್ನೂ ಅನೇಕ ವರ್ಷ ಬೇಕಾಗುತ್ತಾರೆ. ಎರಡು ಕಾಯ್ದೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದುವ ತಾಳ್ಮೆಯುಳ್ಳ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಕಾಲ ಸಿಗುವುದು ಅಪರೂಪ.

ಚಾರ್ಟರ್ಡ್ ಅಕೌಂಟೆಂಟ್‌ಗಳ ವಿಚಾರ. ರಿಟರ್ನ್ ಸಲ್ಲಿಕೆ, ಲೆಕ್ಕಪರಿಶೋಧನೆ, ಅಧಿಕಾರಿಯ ಮುಂದಿನ ವಿಚಾರಣೆ, ಮೊದಲ ಮೇಲ್ಮನವಿ, ಇವುಗಳಲ್ಲಿ ಹೆಚ್ಚಿನ ಕೆಲಸ ಅವರದೇ ಎಂಬುದು ನಿಜ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದಲ್ಲೂ ಅವರು ವಾದಿಸಬಹುದು. 1941ರಲ್ಲಿ ಸ್ಥಾಪನೆಯಾದ ಆ ನ್ಯಾಯಾಧಿಕರಣದ ಪೀಠದಲ್ಲಿ ನ್ಯಾಯಾಂಗ ಸದಸ್ಯರೊಬ್ಬರೂ ಲೆಕ್ಕಪತ್ರ ಸದಸ್ಯರೊಬ್ಬರೂ ಜೊತೆಯಾಗಿ ಕೂರುತ್ತಾರೆ, ಈ ಕ್ಷೇತ್ರ ಎರಡೂ ವಿದ್ಯೆಗಳನ್ನು ಬೇಡುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ನ್ಯಾಯಾಧಿಕರಣದಿಂದ ಮೇಲಕ್ಕೆ ಹೋದಾಗ ಚಿತ್ರ ಬದಲಾಗುತ್ತದೆ. ಉಚ್ಚ ನ್ಯಾಯಾಲಯಕ್ಕೆ ಹೋಗುವ ಆದಾಯ ತೆರಿಗೆ ಮೇಲ್ಮನವಿಯಲ್ಲಿ ಕಾನೂನಿನ ಮಹತ್ವದ ಪ್ರಶ್ನೆ ಇರಲೇಬೇಕು, ಮತ್ತು ಅಲ್ಲಿ ವಾದಿಸುವವರು ವಕೀಲರು. ನೋಟಿಸ್ ಅಧಿಕಾರವ್ಯಾಪ್ತಿಯನ್ನು ಮೀರಿದೆ, ಸಹಜ ನ್ಯಾಯದ ತತ್ತ್ವ ಪಾಲನೆಯಾಗಿಲ್ಲ, ನಿಯಮ ಸಂವಿಧಾನಕ್ಕೆ ವಿರುದ್ಧವಾಗಿದೆ ಎಂಬ ವಾದಗಳು 226ನೇ ವಿಧಿಯ ರಿಟ್ ಅರ್ಜಿಗಳಾಗಿ ಬರುತ್ತವೆ. ಜಿಎಸ್‌ಟಿ ಬಂದು ವರ್ಷಗಟ್ಟಲೆ ಅದರ ಮೇಲ್ಮನವಿ ನ್ಯಾಯಾಧಿಕರಣ ಕೆಲಸ ಆರಂಭಿಸದೆ ಇದ್ದುದರಿಂದ ಇಂಥ ರಿಟ್ ಅರ್ಜಿಗಳು ಉಚ್ಚ ನ್ಯಾಯಾಲಯಗಳಲ್ಲಿ ರಾಶಿ ಬಿದ್ದವು, ಅವನ್ನು ನಡೆಸಿದವರೂ ವಕೀಲರೇ. ಅನುಭವಿ ಅಕೌಂಟೆಂಟ್ ಒಬ್ಬರ ಜೊತೆ ಕೂತು ಕಡತ ಓದಲು ಕಲಿತ ವಕೀಲೆಗೆ ಕೆಲಸದ ಕೊರತೆಯಾಗುವುದಿಲ್ಲ. ಅವರನ್ನು ಪ್ರತಿಸ್ಪರ್ಧಿಗಳೆಂದು ಭಾವಿಸಿ ಹೊರಡುವವರು ಮಾತ್ರ ಕಷ್ಟಪಡುತ್ತಾರೆ. ಅಧ್ಯಾಪನದತ್ತ ಒಲವಿದ್ದರೆ ಎಲ್‌ಎಲ್.ಎಂ. ಜೊತೆಗೆ ಅಧ್ಯಾಪಕರ ಅರ್ಹತೆಗಾಗಿ ನಡೆಯುವ ಯುಜಿಸಿಯ ನೆಟ್ ಪರೀಕ್ಷೆಗೂ ಸಿದ್ಧರಾಗಿ.

ದೇಶವೋ ವಿದೇಶವೋ ಎಂಬುದನ್ನು ನೀವು ಯಾವ ತೆರಿಗೆಯನ್ನು ಓದಬಯಸುತ್ತೀರಿ ಎಂಬುದರ ಮೇಲೆ ನಿರ್ಧರಿಸಬೇಕು. ಜಿಎಸ್‌ಟಿ, ಸೀಮಾಸುಂಕ, ದೇಶದೊಳಗಿನ ಆದಾಯ ತೆರಿಗೆ, ಸಂವಿಧಾನದ ಪ್ರಶ್ನೆಗಳು ನಿಮ್ಮ ಆಸಕ್ತಿಯಾಗಿದ್ದರೆ ಭಾರತದಲ್ಲೇ ಓದಿ. ಬೇರೆ ಕಡೆ ಇವನ್ನು ಕಲಿಸುವವರಿಲ್ಲ. ಇಲ್ಲಿ ಒಂದು ವರ್ಷದ ಮತ್ತು ಎರಡು ವರ್ಷದ ಎಲ್‌ಎಲ್.ಎಂ. ಎರಡೂ ಇವೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಕ್ಲ್ಯಾಟ್ ಸ್ನಾತಕೋತ್ತರ ಪರೀಕ್ಷೆಯಿದ್ದು, ಅದರ ವಿಷಯಪಟ್ಟಿಯಲ್ಲಿ ತೆರಿಗೆ ಕಾನೂನೂ ಸೇರಿದೆ. ವಿಶ್ವವಿದ್ಯಾಲಯದ ಹೆಸರಿಗಿಂತ ಮೊದಲು ಅಲ್ಲಿ ತೆರಿಗೆಯ ಪತ್ರಿಕೆಗಳು ಎಷ್ಟಿವೆ, ಅವನ್ನು ಪೂರ್ಣಾವಧಿ ಅಧ್ಯಾಪಕರು ಕಲಿಸುತ್ತಾರೆಯೇ, ಹಿಂದಿನ ವರ್ಷಗಳ ಪ್ರಬಂಧಗಳು ಯಾವ ವಿಷಯಗಳ ಮೇಲಿವೆ ಎಂದು ವಿಚಾರಿಸಿ, ಏಕೆಂದರೆ ವ್ಯಾಪಾರ ಕಾನೂನಿನ ವಿಶೇಷಾಧ್ಯಯನವೆಂದು ಹೆಸರಿದ್ದು ತೆರಿಗೆಗೆ ಒಂದೇ ಪತ್ರಿಕೆ ಇಟ್ಟಿರುವ ಕಡೆಗಳೂ ಇವೆ. ಅಂತಾರಾಷ್ಟ್ರೀಯ ತೆರಿಗೆ ನಿಮ್ಮ ಗುರಿಯಾಗಿದ್ದರೆ ಮಾತ್ರ ವಿದೇಶದ ಖರ್ಚಿಗೆ ಅರ್ಥವಿದೆ. ನೆದರ್‌ಲೆಂಡ್ಸ್‌ನ ಲೈಡನ್ ಮತ್ತು ಆಸ್ಟ್ರಿಯದ ವಿಯೆನ್ನಾದಲ್ಲಿ ದ್ವಿತೆರಿಗೆ ನಿವಾರಣಾ ಒಪ್ಪಂದಗಳೂ ಸೇರಿ ಅಂತಾರಾಷ್ಟ್ರೀಯ ತೆರಿಗೆಯ ಅಧ್ಯಯನಕ್ಕೇ ಮೀಸಲಾದ ಎಲ್‌ಎಲ್.ಎಂ. ಪದವಿಗಳಿವೆ. ಆಕ್ಸ್‌ಫರ್ಡ್‌ನ ತೆರಿಗೆಯ ಎಂ.ಎಸ್ಸಿ. ಎರಡು ವರ್ಷದ ಅರೆಕಾಲಿಕ ವ್ಯಾಸಂಗವಾದ್ದರಿಂದ ಕೆಲಸದಲ್ಲಿರುವವರಿಗೆ ಹೊಂದುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ತೆರಿಗೆ ಎಲ್‌ಎಲ್.ಎಂ. ಬಹಳ ಹೆಸರುವಾಸಿ, ಆದರೆ ಅದರ ಮುಖ್ಯ ಭಾಗ ಅಮೆರಿಕದ ಒಕ್ಕೂಟ ತೆರಿಗೆ ಸಂಹಿತೆ. ಅಲ್ಲಿ ನೆಲೆಸುವ ಯೋಚನೆ ಇಲ್ಲದವರು ಅದೇ ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ತೆರಿಗೆಯ ವಿಭಾಗವನ್ನು ನೋಡಬಹುದು. ಒಪ್ಪಂದಗಳ ಓದು ನಮ್ಮ ನ್ಯಾಯಾಲಯಗಳಲ್ಲಿ ಎಷ್ಟು ಮುಖ್ಯವೆಂಬುದಕ್ಕೆ ಒಂದೇ ನಿದರ್ಶನ ಸಾಕು. ವಿದೇಶಿ ಕಂಪನಿಯಿಂದ ಸಾಫ್ಟ್‌ವೇರ್ ಕೊಂಡು ಕೊಟ್ಟ ಹಣ ರಾಯಲ್ಟಿ, ಅಂದರೆ ಕೃತಿಸ್ವಾಮ್ಯದ ಬಳಕೆಗೆ ಕೊಟ್ಟ ಶುಲ್ಕವೆಂದು ಕರ್ನಾಟಕ ಉಚ್ಚ ನ್ಯಾಯಾಲಯ 2011ರಲ್ಲಿ ಸ್ಯಾಮ್ಸಂಗ್ ಪ್ರಕರಣದಲ್ಲಿ ಹೇಳಿತು. ಸರ್ವೋಚ್ಚ ನ್ಯಾಯಾಲಯ 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ ಅದನ್ನು ತಳ್ಳಿಹಾಕಿ, ಒಪ್ಪಂದದಲ್ಲಿರುವ ರಾಯಲ್ಟಿಯ ಕಿರಿದಾದ ವ್ಯಾಖ್ಯೆಯೇ ತೆರಿಗೆದಾರನಿಗೆ ಅನ್ವಯಿಸುತ್ತದೆ, ದೇಶದ ಕಾಯ್ದೆಗೆ ಆಮೇಲೆ ಸೇರಿಸಿದ ವಿಸ್ತಾರವಾದ ವಿವರಣೆ ಅದನ್ನು ಮೀರುವಂತಿಲ್ಲ ಎಂದಿತು. ನನ್ನ ಸಲಹೆ ಕೇಳಿದರೆ, ವಿದೇಶಕ್ಕೆ ಹೋಗುವ ಮುನ್ನ ಒಂದೆರಡು ವರ್ಷ ತೆರಿಗೆ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಮಾಡಿ. ವಿವಾದ ಕಾಗದದ ಮೇಲೆ ಹೇಗೆ ಹುಟ್ಟುತ್ತದೆ ಎಂದು ಕಂಡವರಿಗೆ ಅಲ್ಲಿನ ಪಾಠದ ಅರ್ಧಕ್ಕರ್ಧ ಆಗಲೇ ಅರ್ಥವಾಗಿರುತ್ತದೆ.

ಕೊನೆಯದಾಗಿ ಪ್ರಬಂಧ. ಭಾರತದಲ್ಲಿ ಜಿಎಸ್‌ಟಿ ಒಂದು ಅಧ್ಯಯನ ಎಂಬಂಥ ಶೀರ್ಷಿಕೆಗಳನ್ನು ಬಿಟ್ಟುಬಿಡಿ. ನ್ಯಾಯಾಲಯಗಳು ಪರಸ್ಪರ ಒಪ್ಪದ, ನೀವು ಎಲ್ಲ ತೀರ್ಪುಗಳನ್ನೂ ನಿಜವಾಗಿ ಓದಿ ಮುಗಿಸಬಹುದಾದಷ್ಟು ಚಿಕ್ಕದಾದ ಒಂದು ಪ್ರಶ್ನೆಯನ್ನು ಹುಡುಕಿ. ಉದಾಹರಣೆಗೆ, ಕೊಂಡವನು ತೆರಿಗೆ ಸಮೇತ ಹಣ ಕೊಟ್ಟಿದ್ದಾನೆ, ಮಾರಿದವನು ಅದನ್ನು ಸರ್ಕಾರಕ್ಕೆ ಕಟ್ಟಿಲ್ಲ. ಆಗ ಕೊಂಡವನಿಗೆ ಹೂಡುವಳಿ ತೆರಿಗೆಯ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್), ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳುವ ಹಕ್ಕು, ಸಿಗಬೇಕೇ? ಕೇಂದ್ರ ಜಿಎಸ್‌ಟಿ ಕಾಯ್ದೆಯ 16ನೇ ಸೆಕ್ಷನ್ ಬೇಡವೆನ್ನುತ್ತದೆ, ಉಚ್ಚ ನ್ಯಾಯಾಲಯಗಳು ಒಂದೇ ದಾರಿ ಹಿಡಿದಿಲ್ಲ. ಈ ಪ್ರಶ್ನೆಗೆ ಜಿಎಸ್‌ಟಿಗಿಂತ ಹಿಂದಿನ ಬೇರುಗಳೂ ಇವೆ. ದೆಹಲಿಯ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಕಾಯ್ದೆಯ ಇಂಥದೇ ನಿಯಮ ಪ್ರಾಮಾಣಿಕ ಖರೀದಿದಾರನಿಗೆ ಅನ್ವಯಿಸದಂತೆ ಅದನ್ನು ಕಿರಿದಾಗಿ ಓದಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ 2017ರ ಆನ್ ಕ್ವೆಸ್ಟ್ ಪ್ರಕರಣದಲ್ಲಿ ಹೇಳಿತು. 2003ರ ಕರ್ನಾಟಕ ವ್ಯಾಟ್ ಕಾಯ್ದೆಯ 70ನೇ ಸೆಕ್ಷನ್ ಕುರಿತ ಇಕಾಮ್ ಗಿಲ್ ಕಾಫಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ, ವ್ಯವಹಾರ ನಿಜವಾಗಿ ನಡೆದಿದೆಯೆಂದು ಸಾಬೀತುಪಡಿಸುವ ಹೊಣೆ ಖರೀದಿದಾರನದೇ, ಬಿಲ್ಲು ಮತ್ತು ಚೆಕ್ಕು ತೋರಿಸಿದರೆ ಮಾತ್ರ ಸಾಲದು ಎಂದಿತು. ಇವೆರಡೂ ಒಂದಕ್ಕೊಂದು ವಿರುದ್ಧವೋ, ಒಂದು ತೆರಿಗೆ ಕಟ್ಟದ ಮಾರಾಟಗಾರನ ಬಗ್ಗೆಯೂ ಇನ್ನೊಂದು ನಡೆಯದೇ ಇದ್ದಿರಬಹುದಾದ ಮಾರಾಟದ ಬಗ್ಗೆಯೂ ಇದೆಯೋ ಎಂದು ವಿಂಗಡಿಸುವುದೇ ಒಂದು ಒಳ್ಳೆಯ ಅಧ್ಯಾಯ. ಅಂತಾರಾಷ್ಟ್ರೀಯ ತೆರಿಗೆಯಲ್ಲಿ ಆಸಕ್ತಿಯಿದ್ದರೆ, ಭಾರತದ ಮಟ್ಟಿಗೆ 2019ರ ಅಕ್ಟೋಬರ್ 1ರಂದು ಜಾರಿಗೆ ಬಂದ ಹಲವು ದೇಶಗಳ ತೆರಿಗೆ ಒಪ್ಪಂದಗಳನ್ನು ಒಟ್ಟಿಗೆ ಮಾರ್ಪಡಿಸುವ ಬಹುಪಕ್ಷೀಯ ಒಡಂಬಡಿಕೆಯ ಮುಖ್ಯ ಉದ್ದೇಶದ ಪರೀಕ್ಷೆಯನ್ನೂ (ಒಪ್ಪಂದದ ಲಾಭ ಪಡೆಯುವುದೇ ವ್ಯವಹಾರದ ಮುಖ್ಯ ಉದ್ದೇಶಗಳಲ್ಲಿ ಒಂದೇ ಎಂದು ನೋಡುವುದು) ನಮ್ಮದೇ ಗಾರ್ ನಿಯಮವನ್ನೂ ಹೋಲಿಸಬಹುದು. ವಿಷಯ ಗಟ್ಟಿ ಮಾಡಿಕೊಳ್ಳುವ ಮೊದಲು ಅದಕ್ಕೆ ಸಂಬಂಧಿಸಿದ ತೀರ್ಪುಗಳ ಪಟ್ಟಿಯೊಂದನ್ನು ಮಾಡಿ, ಪ್ರತಿಯೊಂದರ ಎದುರು ವಾಸ್ತವಾಂಶ, ಅನ್ವಯಿಸಿದ ಸೆಕ್ಷನ್, ತೀರ್ಮಾನ, ತೀರ್ಮಾನಕ್ಕೆ ಕೊಟ್ಟ ಕಾರಣ ಎಂದು ಬರೆದುಕೊಳ್ಳಿ. ಕಾರಣದ ಅಂಕಣದಲ್ಲಿ ಎರಡು ತೀರ್ಪುಗಳು ಬೇರೆ ಬೇರೆ ಮಾತಾಡುವುದು ಎಲ್ಲಿ ಕಾಣುತ್ತದೋ ಅಲ್ಲಿ ಗುರುತು ಮಾಡಿ, ಆ ಪುಟವನ್ನು ಹಿಡಿದುಕೊಂಡು ಮಾರ್ಗದರ್ಶಕರ ಬಳಿ ಹೋಗಿ.